ಪೆನ್ಷನ್ ಬೆಕ್ಕುಗಳ ಆಪಾ

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಿಟ್ಟರು, ಸಂಪು ತುಂಬಿಸಿದೆ. ಕುಕ್ಕರಿನ ಹಳೇ ರಬ್ಬರು ತೆಗೆದು ಹೊಸದು ಹಾಕಿದೆ. ನಮ್ಮನೆಯವರ ಅಂಗಿಗೆ ಗುಂಡಿ ಹೊಲಿದೆ. ಅವರೆಕಾಯಿ ಬಿಡಿಸಿ ಕಾಳು ನೆನೆಹಾಕಿದೆ. ಮಿಲ್ಲಿಗೆ ಹೋಗಿ ರಾಗಿ ಬೀಸಿಸಿಕೊಂಡು ಬಂದೆ. ಹಿಟ್ಟು ಇನ್ನೂ ಬಿಸಿ ಇತ್ತು, ಆರಲಿ ಎಂದು ಪೇಪರ್ ಹಾಸಿ ಹರಡಿ, ಜರಡಿ ಹಿಡಿಯುತ್ತಾ ಕೂತಿದ್ದಾಗ ಫೋನು ಬಂತು. ಬೆಂಗಳೂರಿನಿಂದ, ಆಪಾ ಅವರ ತಮ್ಮ.

"ಅಕ್ಕಾ, ಆಪಾ ಹೋಗ್ಬಿಟ್ರು. ರಾತ್ರಿ ಮಲಗಿದೋರು ಎದ್ದೇ ಇಲ್ಲ. ಮಧ್ಯಾಹ್ನದ ನಮಾಜ್ ಆದ್ಮೇಲೆ ಮಣ್ಣು. ನೀವು ಬರೋ ಅಷ್ಟೊತ್ತಿಗೆ ಮುಗ್ದಿರತ್ತೆ. ಆದ್ರೂ ನಿಮಗೆ ಹೇಳ್ಬೇಕು ಅನ್ನಿಸ್ತು."

ಹೇಳಿದ್ದು ಒಳ್ಳೇದಾಯ್ತಪ್ಪ ಎಂದೆ. ಫೋನಿಟ್ಟು ಬಂದು ಉಳಿದ ಹಿಟ್ಟನ್ನೂ ಜರಡಿ ಹಿಡಿದು ಡಬ್ಬಕ್ಕೆ ತುಂಬಿದೆ. ಅರ್ಧಕ್ಕೆ ಬಿಟ್ಟೇಳುವ ಕೆಲಸವಲ್ಲ ಅದು. ಆಪಾ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಆಮೇಲೆ ಕೈ ತೊಳೆದುಕೊಂಡು ಇದನ್ನು ಬರೆಯಲು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ತುಮಕೂರಿನ ನಮ್ಮ ಸದಾಶಿವನಗರದ ರಸ್ತೆಯಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಎಲ್ಲರಿಗೂ ಅವರು ಬೆಕ್ಕಿನ ಮನೆ ಆಪಾ, ಅಂದರೆ ಅಕ್ಕ. ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಯೆತ್ತರದ ಒಂದು ಕಾಂಪೌಂಡು ಗೋಡೆ. ತೊಂಬತ್ತರ ದಶಕದ ಮೊದಲಲ್ಲಿ ಅವರು ಆ ಮನೆಗೆ ಬಂದರು. ಗಂಡ ಪೇಟೆಯಲ್ಲಿ ವಾಚು ರಿಪೇರಿ ಅಂಗಡಿ ಇಟ್ಟಿದ್ದರು, ಅವರನ್ನು ನಾವು ಭಾಯ್ ಎನ್ನುತ್ತಿದ್ದೆವು. ಮಕ್ಕಳಿರಲಿಲ್ಲ. ಲಾರಿಯಿಂದ ಬೀರು, ಮಂಚ, ಪಾತ್ರೆ ಎಲ್ಲ ಇಳಿದ ಮೇಲೆ ಆಪಾ ಆಟೋದಲ್ಲಿ ಬಂದರು. ತೊಡೆಯ ಮೇಲೊಂದು ಬೆತ್ತದ ಬುಟ್ಟಿ, ಕಾಲ ಹತ್ತಿರ ಇನ್ನೊಂದು. ಬುಟ್ಟಿಯ ಸಂದಿಯಲ್ಲಿ ಬಿಳೀ ಕೂದಲು ಕಾಣುತ್ತಿತ್ತು.

ಪರ್ಷಿಯನ್ ಬೆಕ್ಕುಗಳು. ತುಮಕೂರಿನಲ್ಲಿ ಆಗ ಅಂಥವನ್ನು ನಾವು ಕ್ಯಾಲೆಂಡರಿನಲ್ಲಿ ನೋಡಿದ್ದಷ್ಟೆ. ದೇಹವೆಲ್ಲ ಕೂದಲು, ದೊಡ್ಡ ಕಣ್ಣು, ಮೂಗನ್ನು ಯಾರೋ ಹೆಬ್ಬೆರಳಿನಲ್ಲಿ ಒತ್ತಿ ಒಳಕ್ಕೆ ಕೂರಿಸಿದ ಹಾಗೆ. ನಮ್ಮತ್ತೆ ಗೋಡೆಯ ಮೇಲಿಂದ ಇಣುಕಿ ನೋಡಿ, "ಇದೇನವ್ವ, ಬಾಗ್ಲಿಗೆ ಬಡಿಸ್ಕೊಂಡ ಹಂಗೈತೆ ಮೂತಿ!" ಎಂದರು. ಮೊದಲ ದಿನದ ಮೊದಲ ಮಾತು ಅದು. ನನಗೆ ನಾಚಿಕೆಯಾಯಿತು. ಆಪಾ ಮಾತ್ರ ಬುಟ್ಟಿ ಕೆಳಗಿಟ್ಟು, "ಹೌದಮ್ಮ, ಇವರಪ್ಪನ ಮೂತೀನೂ ಹಂಗೇ. ಖಾನ್‌ದಾನೇ ಹಂಗೆ," ಎಂದರು. ಅತ್ತೆ ನಕ್ಕರು. ಅಲ್ಲಿಂದ ಅವರಿಬ್ಬರ ಜಗಳ, ಸ್ನೇಹ ಎರಡೂ ಶುರುವಾದವು.

ಆಪಾ ಬೆಕ್ಕುಗಳನ್ನು ಮರಿ ಮಾಡಿಸಲು ಸಾಕುತ್ತಿದ್ದರು. ಮರಿಗಳು ಕಣ್ಣು ಬಿಟ್ಟು, ತಾಯಿ ಹಾಲು ಬಿಟ್ಟು, ತಾವೇ ತಿನ್ನುವಂತಾದ ಮೇಲೆ ತಮ್ಮ ಬಂದು ಬೆಂಗಳೂರಿಗೆ ಒಯ್ಯುತ್ತಿದ್ದ. ಅಲ್ಲಿ ದೊಡ್ಡ ಮನೆಗಳವರು ಕಾದು ತೆಗೆದುಕೊಳ್ಳುತ್ತಿದ್ದರಂತೆ. ಬೆಳಿಗ್ಗೆ ಎದ್ದು ನೀರು ಕಾಯಿಸಿ, ಅದರಲ್ಲಿ ಹತ್ತಿ ಅದ್ದಿ, ಒಂದೊಂದರ ಕಣ್ಣೂ ಒರೆಸುವುದು. ಆ ಜಾತಿಗೆ ಕಣ್ಣಲ್ಲಿ ಸದಾ ನೀರು. ಸಂಜೆ ಭಾಯ್ ಅಂಗಡಿಯಿಂದ ಬಂದು, ಹೇನು ತೆಗೆಯುವ ಬಾಚಣಿಗೆಯಲ್ಲಿ ಅವುಗಳ ಕೂದಲು ಬಾಚುವುದು. ದಿನವೆಲ್ಲ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಳ್ಳು, ಚಕ್ರ ನೋಡಿದ ಮನುಷ್ಯ, ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕೂತು ಕೂದಲಿನ ಗಂಟು ಬಿಡಿಸುತ್ತಿದ್ದರು. ಗಾಳಿ ಬಂದರೆ ಬಿಳೀ ಕೂದಲಿನ ಉಂಡೆ ಹಾರಿಬಂದು ನಮ್ಮ ತುಳಸಿ ಗಿಡಕ್ಕೆ ಸಿಕ್ಕಿಕೊಳ್ಳುವುದು. ಅತ್ತೆ ಅದನ್ನು ಬಿಡಿಸಿ ಗೋಡೆಯ ಮೇಲಿಟ್ಟು, "ನಿಮ್ ಸಾಮಾನು ತಗಳಿ," ಎನ್ನುವರು.

ಆಪಾ ಅವರದೊಂದು ಕ್ರಮ ನಮಗೆ ಯಾರಿಗೂ ಅರ್ಥವಾಗಿರಲಿಲ್ಲ. ಒಂದು ಹೆಣ್ಣು ಬೆಕ್ಕು ನಾಲ್ಕಾರು ಸಲ ಮರಿ ಹಾಕಿತೆಂದರೆ ಸಾಕು, ಅದನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿಕೊಂಡು ಬರುತ್ತಿದ್ದರು. ಇನ್ನೂ ಮರಿ ಹಾಕುವ ಶಕ್ತಿ ಇರುವ ಬೆಕ್ಕಿಗೆ ಯಾಕೆ ಹೀಗೆ ಎಂದರೆ, "ರಿಟೈರ್ ಮಾಡ್ಬಿಟ್ಟೆ ತಂಗಿ. ಇನ್ಮೇಲೆ ಪೆನ್ಷನ್ ಅವಳಿಗೆ. ತಿನ್ನೋದು, ಮಲಗೋದು," ಎನ್ನುವರು.

"ಮನುಷ್ಯರಿಗೇ ಪೆನ್ಷನ್ ಇಲ್ಲ, ಬೆಕ್ಕಿಗೆ ಪೆನ್ಷನ್ನಂತೆ!" ಅತ್ತೆಯ ಮಾತು. "ನಂಗೂ ಒಂದ್ ಆಪರೇಷನ್ ಮಾಡ್ಸಿ ಕೂರ್ಸಿದ್ರೆ ಏಳು ಹೆರ್ತಿದ್ನಾ ನಾನು?"

"ನೀವು ಆಗ ನಮ್ಮನೇಲಿ ಇರ್ಬೇಕಿತ್ತಮ್ಮ," ಎಂದರು ಆಪಾ.

ಅವರು ಪಾಪ ಎಂಬ ಮಾತನ್ನು ಆಡುತ್ತಿರಲಿಲ್ಲ. ಬೇರೆಯವರು ಆಡಿದರೆ, "ಪಾಪ ಅಂದ್ರೆ ಹೊಟ್ಟೆ ತುಂಬತ್ತಾ?" ಎಂದು ಕೇಳುವರು. ಯಾರಾದರೂ ಹೆರಿಗೆಯಾಗಿ ತವರಿಗೆ ಬಂದರೆ ಮಗುವನ್ನು ಆಮೇಲೆ ನೋಡುವರು, ಮೊದಲು ತಾಯಿಯ ಹತ್ತಿರ ಕೂತು ಏನು ತಿಂದೆ ಎಂದು ವಿಚಾರಿಸುವರು. ಯಾವುದೇ ಮನೆಗೆ ಹೋದರೂ ಕೂರುವ ಮುಂಚೆ ಬಗ್ಗಿ ಅಂಗೈಯನ್ನು ನೆಲಕ್ಕೆ ಊರಿ ನೋಡುವ ಅಭ್ಯಾಸ ಅವರಿಗೆ. ತಂಪಿದೆಯೇ, ತೇವವಿದೆಯೇ ಎಂದು. ಹೊಸಬರು ಏನೋ ಬಿದ್ದುಹೋಗಿರಬೇಕೆಂದು ತಾವೂ ಬಗ್ಗಿ ಹುಡುಕುವರು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಭಾಯ್‌ಗೆ ಒಣಕೆಮ್ಮು ಹತ್ತಿತು. ಮಳೆಗಾಲದ ಕೆಮ್ಮು ಎಂದುಕೊಂಡರು, ಬೇಸಿಗೆಯಲ್ಲೂ ಹೋಗಲಿಲ್ಲ. ಕಷಾಯ ಆಯಿತು, ಟಾನಿಕ್ಕು ಆಯಿತು. ಅಂಗಡಿಯಿಂದ ನಡೆದು ಬರುತ್ತಿದ್ದವರು ಆಟೋದಲ್ಲಿ ಬರತೊಡಗಿದರು, ಆಮೇಲೆ ಅಂಗಡಿಗೇ ಹೋಗುವುದು ನಿಂತಿತು. ಬೆಂಗಳೂರಿನ ಡಾಕ್ಟರು ಎದೆಯ ಫೋಟೋ ತೆಗೆಸಿ, ಶ್ವಾಸಕೋಶ ಸ್ಪಂಜಿನಂತೆ ಮೆತ್ತಗಿರಬೇಕು, ಇವರದು ತೊಗಲಿನಂತೆ ಗಟ್ಟಿಯಾಗುತ್ತಾ ಇದೆ ಎಂದರಂತೆ. ವಾಸಿಯಾಗುವುದಿಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಬೇಕು. ಧೂಳು ಬೇಡ, ಹೊಗೆ ಬೇಡ. ಮನೆಯಲ್ಲಿ ಏನಾದರೂ ಸಾಕಿದ್ದೀರಾ ಎಂದು ಕೇಳಿದರಂತೆ. ಆಪಾ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟು, "ಒಂದೂ ಇರಕೂಡದು," ಎಂದರಂತೆ.

ಆ ಸಂಜೆ ಆಪಾ ಗೋಡೆಯ ಹತ್ತಿರ ನಿಂತು ನನಗೆ ಇಷ್ಟನ್ನೂ ಮಾರ್ಕೆಟ್ಟಿಗೆ ಹೋಗಿಬಂದದ್ದನ್ನು ಹೇಳುವ ಹಾಗೆ ಹೇಳಿದರು. ಕೊನೆಗೆ, "ಈಗ ಎಲ್ಲರಿಗೂ ಮನೆ ಹುಡುಕ್ಬೇಕು ತಂಗಿ," ಎಂದರು.

ಚಿಕ್ಕವಕ್ಕೆ ಹುಡುಕುವ ಕಷ್ಟವಿರಲಿಲ್ಲ. ಮರಿ ಹಾಕುವ ಬೆಕ್ಕುಗಳನ್ನು ತಮ್ಮ ಒಂದೇ ಸಲಕ್ಕೆ ಬೆಂಗಳೂರಿಗೆ ಸಾಗಿಸಿದ. ಉಳಿದದ್ದು ಪೆನ್ಷನ್ ತೆಗೆದುಕೊಂಡ ಮೂರು. ನೂರಿ ಎಂಬ ಬಿಳೀ ಬೆಕ್ಕು, ಗುಲ್ಲು ಎಂಬ ಬೂದುಬಣ್ಣದ್ದು, ಮಾಮು ಎಂಬ ಮುದಿ ಗಂಡು. ಮಾಮು ಭಾಯ್‌ದು. ಅವರು ಕೂತರೆ ಅದು ತೊಡೆಯ ಮೇಲೆ, ಮಲಗಿದರೆ ಎದೆಯ ಮೇಲೆ. ಈ ಮೂರನ್ನು ಕೇಳುವವರೇ ಇಲ್ಲ. ನೋಡಲು ಬಂದವರೆಲ್ಲ ಅಯ್ಯೋ ಎಷ್ಟು ಚೆಂದ ಎಂದು ಮುಟ್ಟಿ ಮುಟ್ಟಿ, ಹೊರಡುವಾಗ, "ಮರಿ ಇದ್ರೆ ಹೇಳಿ," ಎನ್ನುವರು.

ಸದ್ಯಕ್ಕೆಂದು ಆಪಾ ಮೂರನ್ನೂ ತಾರಸಿಯ ಮೇಲಿನ ಜಾಲರಿ ರೂಮಿಗೆ ಹಾಕಿದರು. ಭಾಯ್ ಮೆಟ್ಟಿಲು ಹತ್ತಕೂಡದು. ಅವರು ಕೆಳಗೆ ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬೆಕ್ಕು ನೋಡಲು ಬಂದವರ ಹತ್ತಿರ ಮೊದಲು ತಾವು ಮಾತಾಡುವರು. ಒಮ್ಮೆ ಆಫೀಸರೊಬ್ಬರ ಹೆಂಡತಿ ಬಂದಿದ್ದರು. ಅವರ ಸೋಫಾ ಬೂದುಬಣ್ಣದ್ದಂತೆ, ಗುಲ್ಲು ಅದಕ್ಕೆ ಹೊಂದುತ್ತದಂತೆ. ಭಾಯ್ ಬಹಳ ಗಂಭೀರವಾಗಿ, "ತಗೊಂಡ್ಹೋಗಿಮ್ಮ. ಆದ್ರೆ ನೀರು ತಾಗಿಸ್ಬೇಡಿ, ಬಣ್ಣ ಬಿಡತ್ತೆ," ಎಂದರು. ಆಕೆ ಕಾಫಿಯನ್ನೂ ಕುಡಿಯದೆ ಹೋದರು. ಇನ್ನೊಬ್ಬರಿಗೆ, ನೂರಿಗೆ ಮಗು ಅತ್ತರೆ ಆಗುವುದಿಲ್ಲ, ಪರಚುತ್ತೆ ಎಂದರು. ನೂರಿ ಹುಟ್ಟಿದಾರಭ್ಯ ಯಾರನ್ನೂ ಪರಚಿದ್ದಲ್ಲ. ಮಾಮುವನ್ನು ನೋಡಬೇಕೆಂದವರಿಗೆ ಅವನು ಈಗ ನಿದ್ದೆ ಮಾಡ್ತಿದಾನೆ, ಎಬ್ಬಿಸಿದರೆ ಬೈತಾನೆ ಎಂದು ಕಳಿಸಿದರು.

ಮಗಳನ್ನು ಕೊಡಲು ಇಷ್ಟವಿಲ್ಲದ ತಂದೆ ಬಂದ ಗಂಡುಗಳಿಗೆಲ್ಲ ಮಗಳದೇ ಕೊರತೆ ಹೇಳಿದ ಹಾಗಾಯಿತು ಇದು. ನಾನು ಆಪಾಗೆ ಹೇಳಿದೆ, "ಹೀಗಾದ್ರೆ ಯಾರು ತಗೊಳ್ತಾರೆ? ಭಾಯ್‌ಗೆ ಗಟ್ಟಿಯಾಗಿ ಹೇಳಿ ನೀವು."

"ಕೇಳಿಸ್ಕೊಂಡೆ ಅಡುಗೆಮನೇಲಿ," ಎಂದರು ಆಪಾ. "ಹೇಳಿದ್ದು ಸುಳ್ಳು. ಆದ್ರೆ ಓಡಿಸಿದ್ದು ಸರಿಯಾದವ್ರನ್ನೇ. ಸೋಫಾಕ್ಕೆ ಹೊಂದ್ಬೇಕು ಅನ್ನೋಳು ನಾಳೆ ಸೋಫಾ ಬದಲಾಯಿಸ್ತಾಳೆ."

"ಮತ್ತೆ ಎಂಥೋರು ಬೇಕು ನಿಮಗೆ? ಬೆಕ್ಕು ಅಂದ್ರೆ ಪ್ರೀತಿ ಇರೋರು ತಾನೆ?"

"ಪ್ರೀತಿ ಎಲ್ಲರಿಗೂ ಇರತ್ತೆ, ನೋಡಿದಾಗ. ನಾನು ಅದನ್ನ ಕೇಳೋದೇ ಇಲ್ಲ. ಮನೇಲಿ ದಿನಾ ಒಂದೇ ಕಡೆ ಕೂರೋರು ಯಾರಿದಾರೆ ಅಂತ ಕೇಳ್ತೀನಿ. ಮರಿಗೆ ಓಡೋ ಮಕ್ಕಳು ಬೇಕು. ಇವಕ್ಕೆ ಕೂತಿರೋ ಮನುಷ್ಯರು ಬೇಕು."

ಅಲ್ಲಿಂದ ನಾವಿಬ್ಬರೂ ಗಂಡಿನ ಮನೆ ನೋಡಲು ಹೊರಡುವವರ ಹಾಗೆ ಹೊರಟೆವು. ಮೊದಲು ಹೋದದ್ದು ಕುಣಿಗಲ್ಲಿಗೆ. ಅಲ್ಲಿ ಬ್ಲೌಸು ಹೊಲಿಯುವ ಒಬ್ಬ ಹೆಂಗಸಿದ್ದರು, ಗಂಡ ತೀರಿಕೊಂಡಿದ್ದ, ಒಬ್ಬರೇ ಇದ್ದರು. ಆಪಾಗೆ ಹಳೇ ಪರಿಚಯ. ಬೆಳಿಗ್ಗೆ ಮಷೀನಿನ ಮುಂದೆ ಕೂತರೆ ದೀಪ ಹಚ್ಚುವ ಹೊತ್ತಿಗೇ ಏಳುವುದು. ಆಪಾ ಒಳಗೆ ಹೋದವರೇ ಅಂಗೈ ಊರಿ ನೆಲ ನೋಡಿದರು. ಕಿಟಕಿ ನೋಡಿದರು. ಹಿತ್ತಲ ಬಾಗಿಲಿಗೆ ಚಿಲಕವಿದೆಯೇ ನೋಡಿದರು. ಮಷೀನಿನ ಕೆಳಗೆ ತುಂಡುಬಟ್ಟೆಯ ರಾಶಿ ಇತ್ತು, ಅದನ್ನು ಬಹಳ ಹೊತ್ತು ನೋಡಿದರು.

"ಕೂದಲು ಬೀಳತ್ತಲ್ಲ ಆಪಾ, ಗಿರಾಕಿ ಬಟ್ಟೆ ಮೇಲೆ," ಎಂದರು ಆಕೆ.

"ಬೀಳತ್ತೆ. ಕರೀ ಬಟ್ಟೆ ಹೊಲಿಯೋ ದಿನ ಇವಳನ್ನ ಮಂಚಕ್ಕೆ ಕಳ್ಸು. ಬಿಳೀದು ಹೊಲಿಯೋ ದಿನ ಪಕ್ಕದಲ್ಲಿ ಕೂರ್ಸ್ಕೋ."

ಆಕೆ ನಕ್ಕುಬಿಟ್ಟರು. ಮುಂದಿನ ವಾರ ನೂರಿ ಕುಣಿಗಲ್ಲಿಗೆ ಹೋಯಿತು. ಬಿಟ್ಟು ಬರುವಾಗ ಆಪಾ ಹಿಂತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ, "ಹಳೇ ಮನೆಯೋರು ಮತ್ತೆ ಹೋದಾಗ ಅವಳು ಎದ್ದು ಬರಬಾರ್ದು," ಎಂದರು. "ಎದ್ದು ಬಂದ್ರೆ ಇನ್ನೂ ಮನೆ ಹಿಡ್ದಿಲ್ಲ ಅಂತ."

ನೂರಿ ಹೋದ ಮೇಲೆ ಭಾಯ್ ಮಾತು ಕಡಿಮೆ ಮಾಡಿದರು. ಒಂದು ಮಧ್ಯಾಹ್ನ ಆಪಾ ಔಷಧಿ ತರಲು ಹೋದಾಗ ತಾರಸಿ ಹತ್ತಿದ್ದಾರೆ. ನಾನು ಬಟ್ಟೆ ತೆಗೆಯಲು ನಮ್ಮ ತಾರಸಿಗೆ ಹೋದವಳು ನೋಡಿದೆ. ಜಾಲರಿಯ ಒಳಗೆ ನೆಲದ ಮೇಲೆ ಕೂತಿದ್ದಾರೆ, ತೊಡೆಯ ಮೇಲೆ ಮಾಮು, ತುಟಿ ನೀಲಿಯಾಗಿದೆ, ಉಸಿರು ಶಿಳ್ಳೆ ಹೊಡೆದಂತೆ ಬರುತ್ತಿದೆ. ನಮ್ಮನೆಯವರನ್ನು ಕೂಗಿ ಇಳಿಸಿಕೊಂಡೆವು. ಆಪಾ ಬಂದು ನೋಡಿ ಬೈಯಲಿಲ್ಲ. ಟ್ಯಾಕ್ಸಿ ಕರೆಸಿ ಬೆಂಗಳೂರಿಗೆ ಹೊರಟರು. ಹೊರಡುವ ಮುಂಚೆ ಬುಟ್ಟಿಯಲ್ಲಿ ಗುಲ್ಲುವನ್ನು ತಂದು ನನಗೆ ಕೊಟ್ಟು, "ನಿಮ್ಮ ಗುಬ್ಬಿಯೋರು ನಾಳೆ ಅಂಗಡಿ ಸಾಮಾನಿಗೆ ಬರ್ತಾರಲ್ಲ, ಈ ಬುಟ್ಟೀಲೇ ಕಳ್ಸು," ಎಂದರು.

ಗುಬ್ಬಿ ನನ್ನ ತವರು. ಅಲ್ಲಿ ನಮ್ಮ ಬೀದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದ ಒಬ್ಬ ಅಣ್ಣನಿಗೆ ನಾನೇ ಹೇಳಿದ್ದೆ. ಅವರು ಅಂಗಡಿಯ ಗಾದಿ ಮೇಲೆ ಕೂತರೆ ರಾತ್ರಿ ಬಾಗಿಲು ಹಾಕುವಾಗಲೇ ಏಳುವ ಪೈಕಿ. ಒಮ್ಮೆ ಬಂದು ಗುಲ್ಲುವನ್ನು ನೋಡಿಕೊಂಡೂ ಹೋಗಿದ್ದರು. "ಇಲಿ ಹಿಡೀತದಾ?" ಎಂದು ಕೇಳಿದ್ದರು.

"ಇಲ್ಲ," ಎಂದಿದ್ದರು ಆಪಾ. "ಇಲಿ ಬಂದ್ರೆ ಸರಿದು ಜಾಗ ಕೊಡತ್ತೆ."

"ಬುಡಿ, ಇಲಿಗೂ ನಮ್ಮಂಗಡೀನೇ ಗತಿ. ನಂಗೆ ಮಾತಾಡೋಕ್ ಒಂದ್ ಜೀವ ಆಯ್ತದೆ," ಎಂದಿದ್ದರು ಅಂಗಡಿಯ ಅಣ್ಣ. ಆಪಾ ಒಪ್ಪಿರಲೂ ಇಲ್ಲ, ಬೇಡ ಎಂದಿರಲೂ ಇಲ್ಲ. ಈಗ ತುರ್ತು ಬಂತಲ್ಲ, ಕಳಿಸು ಎಂದರು.

ಮಾರನೇ ದಿನ ಅವರು ಬಂದಾಗ ನಾನು ಸೊಸೈಟಿಯಲ್ಲಿ ಸೀಮೆಎಣ್ಣೆಗೆ ನಿಂತಿದ್ದೆ. ಮನೆಗೆ ಬಂದರೆ ಬೆತ್ತದ ಬುಟ್ಟಿ ಖಾಲಿ, ಬಾಗಿಲ ಮೂಲೆಯಲ್ಲಿದೆ. ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಕೂತಿದ್ದಾರೆ.

"ಬೆಕ್ಕೆಲ್ಲಿ ಅತ್ತೆ?"

"ಕಳ್ಸ್‌ಕೊಟ್ಟೆ. ಗೋಣಿಚೀಲದಾಗೆ ಹಾಕಿ, ಬಾಯಿ ಕಟ್ಟಿ, ಬಾಗ್ಲಲ್ಲಿ ಮೂರ್ ಸುತ್ತು ಸುತ್ಸಿ ಕಳಿಸ್ದೆ. ಆ ಬುಟ್ಟಿ ತುಂಬ ಸಂದಿ ಕಣೆ. ದಾರಿ ನೋಡ್ಕಂಡು ವಾಪಸ್ ಬಂದ್ಬುಟ್ರೆ ಆವಮ್ಮ ಮತ್ತೆ ಎಲ್ ಹೋಗ್ತಾಳೆ?"

ನಮ್ಮ ಕಡೆ ಬೆಕ್ಕನ್ನು ಮನೆ ಬದಲಾಯಿಸುವುದೇ ಹಾಗೆ. ಚೀಲದಲ್ಲಿ ಕಟ್ಟಬೇಕು, ಸುತ್ತಿಸಬೇಕು, ದಿಕ್ಕು ತಪ್ಪಿ ಹಳೇ ಮನೆ ಮರೆಯಲಿ ಎಂದು. ನಾಟಿ ಬೆಕ್ಕು ಅದನ್ನು ತಾಳಿಕೊಳ್ಳುತ್ತದೆ. ಈ ಒಳಕ್ಕೆ ಒತ್ತಿದ ಮೂಗಿನ, ಮೈಯೆಲ್ಲ ಕಂಬಳಿ ಹೊದ್ದ ಪ್ರಾಣಿ, ಆ ಬೇಸಿಗೆಯಲ್ಲಿ! ನಾನು ಸೀಮೆಎಣ್ಣೆ ಕ್ಯಾನು ಅಲ್ಲೇ ಇಟ್ಟು ಆಟೋ ಹತ್ತಿದೆ.

ಅಣ್ಣ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಚೀಲ ಪಕ್ಕದಲ್ಲಿ. ನನ್ನನ್ನು ನೋಡಿ ಖುಷಿಯಾಗಿ, "ಬಾ ತಾಯಿ. ಒಳ್ಳೇ ಬೆಕ್ಕು ಕಣಮ್ಮ, ಒಂದ್ ಸದ್ದೂ ಮಾಡಾಕಿಲ್ಲ," ಎಂದರು.

"ಬಿಚ್ಚಣ್ಣ ಮೊದ್ಲು!"

ಬಿಚ್ಚಿದರೆ ಗುಲ್ಲು ಬಾಯಿ ತೆರೆದುಕೊಂಡು, ನಾಲಿಗೆ ಹೊರಗೆ ಬಿಟ್ಟು ಬಿದ್ದಿದೆ. ಹೊಟ್ಟೆ ಮಾತ್ರ ಬೇಗ ಬೇಗ ಆಡುತ್ತಿದೆ. ಅಣ್ಣ ಹೆಗಲ ಟವೆಲು ತೆಗೆದು ನಲ್ಲಿಗೆ ಓಡಿ ಅದ್ದಿಕೊಂಡು ಬಂದರು. ಪಾದ ಒರೆಸಿದೆವು, ಕಿವಿ ಒರೆಸಿದೆವು. ನೆರಳೆಂದು ಅವರು ಕಂಬದ ಹಿಂದೆ ನೆಲದ ಮೇಲೇ ಕೂತು, ಪಂಚೆ ಹರಡಿ, ಅದನ್ನು ತೊಡೆಗೆ ಹಾಕಿಕೊಂಡು ಪೇಪರಿನಿಂದ ಗಾಳಿ ಹಾಕತೊಡಗಿದರು. ಗುಬ್ಬಿ ಬಸ್ಸು ಬಂತು. ಕಂಡಕ್ಟರು ಪರಿಚಯದವನು. "ಏನ್ ಸಾವ್ಕಾರ್ರೇ, ನೆಲದ್ ಮೇಲ್ ಕುಂತಿದೀರ? ಹತ್ತಿ ಹತ್ತಿ, ಗುಬ್ಬಿ ಗುಬ್ಬಿ ಗುಬ್ಬಿ!" ಎಂದ.

"ಹೋಗಯ್ಯಾ ನೀನು. ನಮ್ ಹುಡ್ಗಿಗೆ ಹುಷಾರಿಲ್ಲ," ಎಂದರು ಅಣ್ಣ, ತಲೆ ಎತ್ತದೆ.

ಆ ಬಸ್ಸು ಹೋಯಿತು. ಆಮೇಲಿನದೂ ಹೋಯಿತು. ಬಿಸಿಲು ಕಂಬದ ಈ ಕಡೆಗೆ ತಿರುಗಿತು, ಅವರೂ ಕೂತಲ್ಲೇ ತಿರುಗಿದರು. ಬಹಳ ಹೊತ್ತಿನ ಮೇಲೆ ಗುಲ್ಲು ಬಾಯಿ ಮುಚ್ಚಿ, ಒದ್ದೆ ಟವೆಲನ್ನು ನೆಕ್ಕಿತು. ಅಣ್ಣ ಮೂಗೊರೆಸಿಕೊಂಡು ಎದ್ದರು. "ನಾನ್ ಕರ್ಕಂಡ್ ಹೋಗಕಿಲ್ಲ ಕಣವ್ವ. ಆವಮ್ಮ ಬರ್ಲಿ. ಬಯ್ಲಿ. ಬಯ್ಸ್‌ಕಂಡು ಹೋಗ್ತೀನಿ," ಎಂದರು.

ಸಂಜೆ ಆಪಾ ಬೆಂಗಳೂರಿನಿಂದ ಬಂದರು. ಭಾಯ್ ಅಲ್ಲಿಯ ಆಸ್ಪತ್ರೆಯಲ್ಲಿ ಇನ್ನೂ ಒಂದೆರಡು ದಿನ ಇರಬೇಕಿತ್ತು, ತಮ್ಮ ಜೊತೆಗಿದ್ದ. ಇವರು ಬಟ್ಟೆ ಒಯ್ಯಲು ಬಂದಿದ್ದರು. ನಮ್ಮ ಜಗುಲಿಯ ಮೇಲೆ ಅಣ್ಣ ತಲೆ ಬಗ್ಗಿಸಿಕೊಂಡು ಕೂತಿದ್ದರು. ಆದದ್ದೆಲ್ಲ ನಾನು ಹೇಳಿದೆ. ಅತ್ತೆ ಒಳಗಿನಿಂದಲೇ, "ನಾನೇ ಕಟ್ಟಿದ್ದು! ಕೇಳೋದಿದ್ರೆ ನನ್ನ ಕೇಳು," ಎಂದರು. ಜಗಳಕ್ಕೆ ಸೆರಗು ಸಿಕ್ಕಿಸಿಕೊಂಡೇ ನಿಂತಿದ್ದರು.

ಆಪಾ ಗುಲ್ಲುವಿನ ತುಟಿ ಬಿಡಿಸಿ ಒಸಡು ನೋಡಿದರು, ಕಿವಿ ಮುಟ್ಟಿ ನೋಡಿದರು. ಆಮೇಲೆ ಅತ್ತೆಗೆ, "ನಿಮ್ಮ ಮೇಲೆ ಏನೂ ಇಲ್ಲಮ್ಮ. ದಾರಿ ಮರೀಲಿ ಅಂತ ತಾನೆ ಕಟ್ಟಿದ್ದು? ನಾನೂ ಅದನ್ನೇ ದುವಾ ಕೇಳ್ತಿರೋದು," ಎಂದರು. ಅತ್ತೆ ಸಿಕ್ಕಿಸಿದ ಸೆರಗು ಬಿಚ್ಚಿದರು. ಜಗಳಕ್ಕೆ ಸಿದ್ಧವಾದವರಿಗೆ ಜಗಳ ಸಿಗದಿದ್ದರೆ ಹೇಗಾಗುತ್ತದೋ ಹಾಗಾಗಿತ್ತು ಅವರಿಗೆ. ಹೋಗಿ ಕಾಫಿಗೆ ಇಟ್ಟರು.

ಆಪಾ ಅಣ್ಣನ ಕಡೆ ತಿರುಗಿದರು. "ಅಷ್ಟೊತ್ತೂ ನೆಲದ ಮೇಲೆ ಕೂತಿದ್ರಾ?"

"ತಪ್ಪಾಯ್ತು ಕಣಮ್ಮ. ನಮ್ಮಜ್ಜಿ ಕಾಲದಿಂದ ಹಿಂಗೇ ತರೋದು. ಗೊತ್ತಾಗ್ಲಿಲ್ಲ."

"ಅದಲ್ಲ ನಾನು ಕೇಳಿದ್ದು. ಕೂತಿದ್ರಾ?"

"ಕುಂತಿದ್ದೆ. ಎದ್ದ್ರೆ ಅದಕ್ಕೆ ಎಚ್ಚರಾಯ್ತದೆ ಅಂತ."

"ಹಂಗಾದ್ರೆ ಈಗ್ಲೇ ಕರ್ಕೊಂಡ್ಹೋಗಿ," ಎಂದರು ಆಪಾ. "ಬುಟ್ಟೀಲಿ. ಮುಚ್ಚಳ ಅರ್ಧ ತೆಗ್ದಿರಿ. ದಾರಿ ನೋಡ್ಲಿ, ಪರವಾಗಿಲ್ಲ."

ಕಾಫಿ ತಂದ ಅತ್ತೆಯೂ ಸೇರಿ ನಾವು ಮೂವರೂ ಅವರ ಮುಖ ನೋಡಿದೆವು. ಬೆಕ್ಕನ್ನು ಸಾಯಿಸುವುದರಲ್ಲಿದ್ದವರ ಕೈಗೇ ಬೆಕ್ಕು! ನನಗೂ ಅದು ಅವತ್ತು ಸರಿ ಕಾಣಲಿಲ್ಲ. ಈಗ ಕಾಣುತ್ತದೆ. ಗುಲ್ಲು ಗುಬ್ಬಿಯ ಅಂಗಡಿಯಲ್ಲಿ ಬೆಲ್ಲದ ಡಬ್ಬದ ಪಕ್ಕ ಎಷ್ಟೋ ವರ್ಷ ಬದುಕಿತು. ತವರಿಗೆ ಹೋದಾಗೆಲ್ಲ ನೋಡುತ್ತಿದ್ದೆ. ಅಣ್ಣ ಗಿರಾಕಿಗಳಿಗೆ, "ಮೆಲ್ಲಗ್ ಮಾತಾಡ್ರಪ್ಪ," ಎನ್ನುವರು.

ಉಳಿದದ್ದು ಮಾಮು.

ಭಾಯ್ ಆಸ್ಪತ್ರೆಯಿಂದ ಬಂದ ಮೇಲೆ ಆಪಾ ಅವರ ಹತ್ತಿರ ಮಾಮುವನ್ನು ಕಳಿಸೋಣ ಎನ್ನಲಿಲ್ಲ. ಕುಣಿಗಲ್ಲಿನ ಟೈಲರಮ್ಮ ತಾವಾಗಿಯೇ ಹೇಳಿ ಕಳಿಸಿದ್ದರು, ಇನ್ನೊಂದಿದ್ದರೆ ಅದನ್ನೂ ತನ್ನಿ ಎಂದು. ನೂರಿಯ ಮರಿಗಳಿಗೆಲ್ಲ ಮಾಮುವೇ ಅಪ್ಪ, ಗುರುತಿರುವವನು. ಆಪಾ ಆ ಸುದ್ದಿಯನ್ನು ಭಾಯ್‌ಗೆ ಮುಟ್ಟಿಸಿ ಸುಮ್ಮನಾದರು. ನನಗೆ ತಡೆಯಲಾಗಲಿಲ್ಲ. "ನೀವು ಕಳಿಸ್ಬಿಡಿ ಆಪಾ, ಅವರು ಮಲಗಿದ್ದಾಗ," ಎಂದೆ.

"ಕದ್ದು ಕಳಿಸಿದ್ರೆ ಇವರು ಕದ್ದು ಹುಡುಕ್ಕೊಂಡು ಹೋಗ್ತಾರೆ. ಉಸಿರು ಯಾರದು ಹೋಗೋದು? ಅವರ ಬಾಯಿಂದ ಬರ್ಬೇಕು."

ಬರಲು ಕೆಲವು ದಿನ ಹಿಡಿಯಿತು. ಒಂದು ಭಾನುವಾರ ಬೆಳಿಗ್ಗೆ ಭಾಯ್, "ಮನೆ ನಾನು ನೋಡ್ಬೇಕು," ಎಂದರು. ಬಾಡಿಗೆ ಅಂಬಾಸಿಡರ್ ತರಿಸಿದರು. ಮುಂದೆ ಭಾಯ್, ಹಿಂದೆ ನಾವಿಬ್ಬರು, ನಮ್ಮ ನಡುವೆ ಬುಟ್ಟಿ. ಭಾಯ್ ಮೂಗು ಬಾಯಿಗೆ ಕರ್ಚೀಫು ಕಟ್ಟಿಕೊಂಡಿದ್ದರು. ದಾರಿಯುದ್ದಕ್ಕೂ ಹಿಂದೆ ತಿರುಗಿ, "ಉಸಿರಾಡ್ತಿದಾನಾ ನೋಡಮ್ಮ," ಎನ್ನುವರು.

"ಅವನು ಆಡ್ತಿದಾನೆ ಭಾಯ್, ನೀವು ಆಡಿ," ಎಂದೆ. ಡ್ರೈವರು ನಕ್ಕ.

ಟೈಲರಮ್ಮನ ಮನೆಯಲ್ಲಿ ಭಾಯ್‌ಗೆ ಬಾಗಿಲ ಹತ್ತಿರ ಕುರ್ಚಿ ಹಾಕಿದರು. ನೂರಿ ಮಷೀನಿನ ಕೆಳಗೆ ತುಂಡುಬಟ್ಟೆಯ ಮೇಲೆ ಮಲಗಿತ್ತು. ಭಾಯ್ ಕರ್ಚೀಫು ಇಳಿಸಿ, ಮೊದಲಿನ ಹಾಗೇ ನಾಲಿಗೆಯಲ್ಲಿ ಟಕಟಕ ಎನಿಸಿ, "ನೂರೀ," ಎಂದು ಕರೆದರು. ನೂರಿಯ ಒಂದು ಕಿವಿ ತಿರುಗಿತು. ಕಣ್ಣು ಬಿಟ್ಟು ಅವರನ್ನು ನೋಡಿತು. ಮತ್ತೆ ಕಣ್ಣು ಮುಚ್ಚಿತು. ಟೈಲರಮ್ಮ ಮುಜುಗರದಿಂದ ಅದನ್ನು ಎಬ್ಬಿಸಲು ಹೋದರು. ಆಪಾ ಬೇಡವೆಂದು ಕೈ ಮಾಡಿದರು. ಅವರು ಬೆಕ್ಕನ್ನು ನೋಡುತ್ತಿರಲಿಲ್ಲ, ಗಂಡನನ್ನು ನೋಡುತ್ತಿದ್ದರು.

ಭಾಯ್, "ಎದ್ದು ಬರ್ಲಿಲ್ಲ," ಎಂದರು.

"ಬರಬಾರ್ದು."

"ಗೊತ್ತು. ಗೊತ್ತಿದ್ದೇ ಕರೆದೆ." ಕರ್ಚೀಫು ಮೇಲಕ್ಕೆ ಕಟ್ಟಿಕೊಂಡರು. "ಅವನನ್ನ ನೀನೇ ತೆಗಿ," ಎಂದರು.

ಆಪಾ ಮಾಮುವನ್ನು ಬುಟ್ಟಿಯಿಂದ ಎತ್ತಿ ನೆಲಕ್ಕೆ ಬಿಟ್ಟರು. ಅದು ಗೋಡೆಗುಂಟ ಒಂದು ಸುತ್ತು ಹಾಕಿ, ಮೂಸಿ, ಮಂಚದ ಕೆಳಗೆ ಹೋಗಿ ಕೂತಿತು.

"ಇವನ ಗುಣ ಹೆಂಗೆ?" ಎಂದು ಕೇಳಿದರು ಟೈಲರಮ್ಮ. ನಾನು ಭಾಯ್ ಮುಖ ನೋಡಿದೆ. ಈಗ ಯಾವ ಸುಳ್ಳು ಬರುತ್ತದೋ ಎಂದು.

"ಗೊರಕೆ ಹೊಡೀತಾನೆ," ಎಂದರು ಭಾಯ್. "ಅದು ನಿಜ. ಬಾಚುವಾಗ ಹೊಟ್ಟೆ ಹತ್ತಿರ ಮೆಲ್ಲಗೆ ಬಾಚ್ಬೇಕು. ಅದೂ ನಿಜ. ಬೇರೆ ಏನೂ ಇಲ್ಲಮ್ಮ. ಒಳ್ಳೇವ್ನು."

ವಾಪಸು ಬರುವಾಗ ಕೆರೆ ಏರಿಯ ಹತ್ತಿರ ಮೀನು ಮಾರುವವರು ಕೂತಿದ್ದರು. ಭಾಯ್ ಇದ್ದಕ್ಕಿದ್ದಂತೆ, "ನಿಲ್ಸಪ್ಪಾ," ಎಂದರು. ಆಮೇಲೆ ಆಪಾಗೆ ಅವರ ಭಾಷೆಯಲ್ಲಿ ಏನೋ ಹೇಳಿದರು, ನನಗೆ ಅರ್ಥವಾದದ್ದು ಇಷ್ಟು. "ಕೆರೆ ಮೀನು ತಗೋ."

"ಯಾರಿಗೆ?"

"ನನಗೆ. ನಾನು ತಿನ್ನಬಾರ್ದಾ?"

ಆಪಾ ಇಳಿದು ಜಿಲೇಬಿ ಮೀನು ತಂದರು. ನಾನು ಮೀನು ಮುಟ್ಟದ ಮನೆಯವಳು. ಚೀಲ ನನ್ನ ಕಾಲ ಹತ್ತಿರ ನೀರು ಸೋರಿಸುತ್ತಾ ತುಮಕೂರಿನ ತನಕ ಬಂತು. ಮನೆಗೆ ಹೋದರೆ ಅತ್ತೆ ಹೊಸಲು ದಾಟಲು ಬಿಡದೆ ಸೀದಾ ಬಚ್ಚಲಿಗೆ ಅಟ್ಟಿದರು.

ಭಾಯ್ ಅದಾದ ಮೇಲೂ ಕೆಲವು ವರ್ಷ ಇದ್ದರು, ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು. ಅವರು ಹೋದ ಮೇಲೆ ಆಪಾ ಬೆಂಗಳೂರಿಗೆ ತಮ್ಮನ ಮನೆಗೆ ಹೋದರು. ಆದರೆ ನನಗೆ ಅವರೆಂದರೆ ಆ ಭಾನುವಾರದ ಮರುದಿನ ಬೆಳಿಗ್ಗೆ ಬಟ್ಟೆ ಒಣಹಾಕುತ್ತಾ ಗೋಡೆಯ ಆ ಕಡೆಯಿಂದ ಹೇಳಿದ ಮಾತೇ ನೆನಪಾಗುವುದು.

"ಜಿಲೇಬಿ ಮೀನು ತುಂಬ ಮುಳ್ಳು ತಂಗಿ. ನಮ್ಮನೇಲಿ ಮೀನು ಬಂದ್ರೆ ಮೊದಲು ಮುಳ್ಳು ಬಿಡಿಸಿ ಬೆಕ್ಕಿಗೆ ಇಡೋದು, ಆಮೇಲೆ ನಾವು. ನಿನ್ನೆ ತಟ್ಟೆ ಮುಂದೆ ಕೂತ್ಕೊಂಡು ಬಿಡಿಸ್ತಾನೇ ಇದೀನಿ, ಬಿಡಿಸ್ತಾನೇ ಇದೀನಿ. ಇಡೋಕೆ ಯಾರೂ ಇಲ್ಲ. ಇವರು ನೋಡಿದ್ರು. 'ಮದುವೆಯಾಗಿ ಇಷ್ಟು ವರ್ಷ ಆಯ್ತು, ನನಗೆ ಒಂದಿನಾನೂ ಮುಳ್ಳು ತೆಗೆದು ಕೊಟ್ಟಿಲ್ಲ ನೀನು' ಅಂದ್ರು. 'ನಿಮಗೆ ಕೈ ಇದ್ಯಲ್ಲ' ಅಂದೆ. 'ಇದೆ. ಆದ್ರೂ ಕೊಡು' ಅಂದ್ರು."

"ಕೊಟ್ರಾ?"

"ಎಲ್ಲಾ ಕೊಟ್ಟೆ. ನನಗೆ ಬರೀ ಸಾರು ಉಳೀತು."

ಆ ಭಾನುವಾರ ರಾತ್ರಿ ನಮ್ಮ ಮನೆಯಲ್ಲಿ ಮುದ್ದೆ, ಸೊಪ್ಪಿನ ಸಾರು. ಮೊದಲು ಮಲಗಿದ್ದು ನಮ್ಮತ್ತೆ. ಗೋಡೆಯ ಆ ಕಡೆ ಮೀನು ಸಾರು, ಅನ್ನ. ದಿಂಬುಗಳಿಗೆ ಒರಗಿಕೊಂಡು ಮೊದಲು ನಿದ್ದೆ ಹೋದವರು ಭಾಯ್. ಆಪಾ ಒಲೆ ಒರೆಸಿ, ಬಾಗಿಲು ಹಾಕಿ, ಅವರ ಉಸಿರು ಕೇಳುವಷ್ಟು ಹತ್ತಿರ ನೆಲದ ಮೇಲೆ ಕೂತಿದ್ದು, ಆಮೇಲೆ ಮಲಗಿದರಂತೆ.